ಚಾಪೆಯ ಅಚ್ಚು

ಹೇಳಿದ್ದೆನೇ? ಹೇಳಿರಲೇಬೇಕು. ಒಂದು ಮಾತನ್ನು ಇಷ್ಟು ಸಲ ಮನಸ್ಸಿನಲ್ಲಿ ಆಡಿಕೊಂಡ ಮೇಲೆ ಅದು ಒಮ್ಮೆಯಾದರೂ ಬಾಯಿಯಿಂದ ಹೊರಗೆ ಬಿದ್ದಿರಲೇಬೇಕು ಎಂದು ಯಜ್ಞೇಶ್ ಸೋಫಾದ ಮೇಲೆ ಕಾಲು ಮಡಚಿಕೊಂಡು ಯೋಚಿಸುತ್ತಿದ್ದ. ಬಾಚಣಿಗೆ ಕೊಟ್ಟದ್ದು ನೆನಪಿದೆ. ಬೋಜ ತಲೆ ಬಾಚಿ, ಬಾಚಣಿಗೆಯನ್ನು ಪ್ಯಾಂಟಿಗೆ ಒರೆಸಿ ಹಿಂದಕ್ಕೆ ಕೊಟ್ಟದ್ದು ನೆನಪಿದೆ. ಆ ಎರಡರ ನಡುವೆ ಒಂದು ವಾಕ್ಯ ಹಿಡಿಸುವಷ್ಟು ಜಾಗ ಖಂಡಿತ ಇತ್ತು. ಆ ಜಾಗದಲ್ಲಿ ತಾನು ಏನು ಮಾಡುತ್ತಿದ್ದೆ ಎಂಬುದು ಮಾತ್ರ ಎಂಟು ತಿಂಗಳಿಂದ ದಿನಕ್ಕೊಂದು ರೀತಿ ಕಾಣುತ್ತಿತ್ತು. ಕೆಲವು ದಿನ ತನ್ನ ತುಟಿ ಅಲುಗಿದ್ದು ಕಾಣುತ್ತಿತ್ತು. ಕೆಲವು ದಿನ ತನ್ನ ದನಿಯೇ ಕೇಳುತ್ತಿತ್ತು, ತುಳುವಿನಲ್ಲಿ, ಸ್ಪಷ್ಟವಾಗಿ. ಇವತ್ತು ಶುಕ್ರವಾರ, ಅಗೆತದ ಸಾಕ್ಷ್ಯಚಿತ್ರ ಟಿ.ವಿ.ಯಲ್ಲಿ ಬರುವ ದಿನ, ಇವತ್ತು ಏನೂ ಕೇಳುತ್ತಿರಲಿಲ್ಲ. ಅಮಿತಾ ನೆಲ ಒರೆಸುವ ಸದ್ದು ಮಾತ್ರ ಕೇಳುತ್ತಿತ್ತು. ಬೆಳಗ್ಗಿನಿಂದ ಇದು ಎರಡನೇ ಸಲ. ಬಿಳಿ ಟೈಲಿನ ಮೇಲೆ ನೀರು ತೆಳ್ಳಗೆ ಹರಡಿಕೊಂಡು, ಏ.ಸಿ.ಯ ಗಾಳಿಗೆ ಅಂಚಿನಿಂದ ಒಳಕ್ಕೆ ಆರುತ್ತಿತ್ತು.

"ಕಾಲು ಕೆಳಗೆ ಇಡ್ಬೇಡಿ ಮಾರಾಯ್ರೆ, ಈಗಷ್ಟೇ ಒರೆಸಿದ್ದು" ಎಂದಳು ಅಮಿತಾ. "ಮೂರು ಗಂಟೆಗೆ ಅಲ್ವಾ? ನಿಮ್ಮನ್ನು ಎಷ್ಟು ಹೊತ್ತಿಗೆ ತೋರಿಸುದು?"

"ಗೊತ್ತಿಲ್ಲ."

"ಊರಲ್ಲಿ ಅಮ್ಮನ ಟಿ.ವಿ.ಲಿ ಆ ಚಾನೆಲ್ ಬರುದಿಲ್ಲಂತೆ. ಕೇಬಲ್‌ನವನ ಮನೆಗೇ ಹೋಗಿ ಗಲಾಟೆ ಮಾಡಿ ಬಂದಿದ್ದಾರೆ, ನನ್ನ ಅಳಿಯ ಬರ್ತಾನೆ, ನಿನ್ನದು ಎಂತ ಡಬ್ಬ ಕೇಬಲ್ ಅಂತ." ಅವಳು ನಕ್ಕಳು. ಬಟ್ಟೆ ಹಿಂಡಿದಳು. "ಮತ್ತೆ ನಾನು ಮಹಮೂದಣ್ಣನ ಹತ್ರ ಹೇಳಿದ್ದೇನೆ, ಬರುವಾಗ ಬೋಜಣ್ಣನನ್ನೂ ಕರ್ಕೊಂಡು ಬನ್ನಿ ಅಂತ. ಕ್ಯಾಂಪಲ್ಲಿ ಪಾಪ, ಇಪ್ಪತ್ತು ಜನಕ್ಕೆ ಒಂದು ಟಿ.ವಿ. ಅವರೂ ಅಲ್ಲೇ ಕೆಲಸ ಮಾಡಿದವರಲ್ವಾ?"

ಯಜ್ಞೇಶನ ಕಾಲು ತಾನಾಗಿ ಕೆಳಗಿಳಿಯಿತು. ಒದ್ದೆ ನೆಲದ ಮೇಲೆ ಹಿಮ್ಮಡಿ, ಐದು ಬೆರಳು, ಎಲ್ಲ ಮೂಡಿದವು. ಅಮಿತಾ ಏನೋ ಬೈದಳು. ಅವನು ಕಾಲೆತ್ತಿ ಆ ಅಚ್ಚು ಆರಿ ಇಲ್ಲವಾಗುವುದನ್ನು ನೋಡುತ್ತ ಕುಳಿತ. ಬೇಡವೆನ್ನಬಹುದಿತ್ತು. ಬೇಡವೆಂದರೆ ಯಾಕೆ ಎಂದು ಅವಳು ಕೇಳುತ್ತಿದ್ದಳು.

ಬೋಜನ ಬೆರಳುಗಳೇ ಮೊದಲು ಕಣ್ಣಿಗೆ ಬಿದ್ದದ್ದು. ಸುಮಾರು ಮೂರು ವರ್ಷದ ಹಿಂದೆ, ಕಂಪೆನಿಯಿಂದ ಹದಿನಾಲ್ಕು ಜನರನ್ನು ಉತ್ತರದ ಕಡಲ ಬದಿಯ ದಿಬ್ಬಕ್ಕೆ ಕಳಿಸಿದಾಗ, ಯಜ್ಞೇಶ್ ಹಾಜರಿ ಹಾಕುವ ಟೈಮ್‌ಕೀಪರ್ ಆಗಿ ಅವರ ಜೊತೆ ಹೋಗಿದ್ದ. ದೋಹಾದಿಂದ ಒಂದೂವರೆ ಗಂಟೆಯ ದಾರಿ. ಮರ ಇಲ್ಲ, ಮನೆ ಇಲ್ಲ. ಚಪ್ಪಟೆ ನೆಲ, ಅದರಾಚೆ ಅಷ್ಟೇ ಚಪ್ಪಟೆಯಾದ ಸಮುದ್ರ. ಅಲ್ಲಿ ಐರ್ಲೆಂಡಿನಿಂದ ಬಂದ ಸೈಮನ್ ಎಂಬ ಉದ್ದನೆಯ, ಬಿಸಿಲಿಗೆ ಮೂಗಿನ ಸಿಪ್ಪೆ ಏಳುತ್ತಿದ್ದ ಮನುಷ್ಯ ನೆಲಕ್ಕೆ ಹಗ್ಗ ಕಟ್ಟಿ ಚೌಕ ಮಾಡಿಸಿ, ಸಾವಿರ ವರ್ಷದ ಹಿಂದಿನ ಒಂದು ಹಳ್ಳಿಯನ್ನು ಹುಡುಕುತ್ತಿದ್ದ. ಉಳಿದವರು ಮಣ್ಣು ಹೊರಲು ಬಂದವರು. ಬೋಜನೂ ಅದಕ್ಕೇ ಬಂದವನು, ಐವತ್ತು ದಾಟಿದವನು, ಊರಲ್ಲಿ ಗಾರೆ ಕೆಲಸದವರ ಕೈಕೆಳಗೆ ದುಡಿದವನು. ಎರಡನೇ ವಾರ ಅವನು ಚಪ್ಪಲಿ ಬಿಟ್ಟು ಗುಂಡಿಗಿಳಿದು, ಹೆಬ್ಬೆರಳಿನಿಂದ ನೆಲ ತಡವಿ, "ಇಲ್ಲಿಂದ ಆಚೆ ಬೇರೆ ಮಣ್ಣು ಮಾಷ್ಟ್ರೇ, ಇಲ್ಲೊಂದು ಗೋಡೆ ಇತ್ತು ಕಾಣ್ತದೆ" ಎಂದಿದ್ದ. ಯಜ್ಞೇಶ್ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಸೈಮನ್ ಮಂಡಿಯೂರಿ ಕುಳಿತು ಕರಣೆಯಿಂದ ಕೆರೆದ. ಗೋಡೆ ಇತ್ತು. ಆ ದಿನದಿಂದ ಸೈಮನ್ ಬೆಳಿಗ್ಗೆ ವ್ಯಾನಿನಿಂದ ಇಳಿಯುವವರ ನಡುವೆ ಒಂದೇ ಮುಖವನ್ನು ಹುಡುಕುತ್ತಿದ್ದ. ಬೋಜನ ಹೆಸರನ್ನು ಸರಿಯಾಗಿ ಕರೆಯುತ್ತಿದ್ದ. ಯಜ್ಞೇಶನನ್ನು 'ಯಾಗ್' ಎಂದು ಕರೆಯುತ್ತಿದ್ದ.

ಮಾಷ್ಟ್ರೇ ಎಂದು ಕರೆಯುತ್ತಿದ್ದವನು ಬೋಜ ಒಬ್ಬನೇ. ಎಂ.ಎ. ಮಾಡಿ ಎರಡು ವರ್ಷ ಕಾಲೇಜೊಂದರಲ್ಲಿ ತಾತ್ಕಾಲಿಕವಾಗಿ ಇತಿಹಾಸ ಪಾಠ ಮಾಡಿದ್ದನ್ನು ಯಜ್ಞೇಶ್ ಯಾವಾಗಲೋ ವ್ಯಾನಿನಲ್ಲಿ ಹೇಳಿದ್ದ. ಉಳಿದವರು ಮರೆತರು. ಬೋಜ ಮರೆಯಲಿಲ್ಲ. ಆ ಕರೆ ಮೊದಮೊದಲು ಹಿತವಾಗಿತ್ತು. ಆಮೇಲೆ, ಗೋಡೆಯ ಗೆರೆ ಕಾಣದೆ ಅದರ ಮೇಲೆಯೇ ಬೂಟು ಹಾಕಿ ನಿಂತಿದ್ದಾಗ, "ಸ್ವಲ್ಪ ಈಚೆ ಬನ್ನಿ ಮಾಷ್ಟ್ರೇ" ಎಂದು ಬೋಜ ಮೆಲ್ಲಗೆ ಹೇಳಿದಾಗ, ಅದೇ ಕರೆ ಮೈಮೇಲೆ ಮುಳ್ಳಿನ ಹಾಗೆ ಹರಿದಿತ್ತು. ಅವನಿಗೆ ಪುಸ್ತಕದ ಹೆಸರುಗಳು ಗೊತ್ತಿದ್ದವು. ಓದುವ ಕಾಲದಲ್ಲಿ ಹಾಸ್ಟೆಲಿನ ಟಿ.ವಿ.ಯ ಮುಂದೆ, ಉಳಿದವರೆಲ್ಲ ಕ್ರಿಕೆಟ್ ಹಾಕು ಎಂದು ಕೂಗುತ್ತಿರುವಾಗ, ಮಣ್ಣಿನಿಂದ ಮೇಲೆದ್ದು ಬರುವ ಪಟ್ಟಣಗಳನ್ನೂ ಅವುಗಳ ಬದಿಯಲ್ಲಿ ನಿಂತು ತಗ್ಗು ದನಿಯಲ್ಲಿ ಮಾತಾಡುವ ಟೊಪ್ಪಿಯ ಗಂಡಸರನ್ನೂ ಕಣ್ಣು ಮಿಟುಕಿಸದೆ ನೋಡಿದ್ದ. ಆ ದನಿ ತನಗೂ ಬರುತ್ತದೆಂದು ಸ್ನಾನದ ಕೋಣೆಯಲ್ಲಿ ಪರೀಕ್ಷಿಸಿದ್ದ. ದಿಬ್ಬದ ಮೇಲೆ ಸೈಮನ್‌ನನ್ನು ಕಂಡ ಮೊದಲ ದಿನ ಅವನಿಗೆ ಅನ್ನಿಸಿದ್ದು ಇಷ್ಟೇ: ಈತ ನನ್ನನ್ನು ಗುರುತಿಸುತ್ತಾನೆ.

ಒಮ್ಮೆ ಗುರುತಿಸಿದ್ದ ಕೂಡ. ಹಾಗೆಂದುಕೊಂಡಿದ್ದ. ಪಿಕಪ್ಪಿನಲ್ಲಿ ಇಬ್ಬರೇ ದೋಹಾಕ್ಕೆ ಬರುವಾಗ ಸೈಮನ್ ತನ್ನ ಊರಿನ ಮಾತೆತ್ತಿದ. ಅಲ್ಲಿ ಮೈಲುಗಟ್ಟಲೆ ಕಪ್ಪು ಜೌಗು ನೆಲವಂತೆ. ಎರಡು ಸಾವಿರ ವರ್ಷದ ಹಿಂದೆ ಯಾರೋ ಹೂತಿಟ್ಟ ಬೆಣ್ಣೆ ಈಗಲೂ ಮರದ ಡಬ್ಬದಲ್ಲಿ ಹಾಗೇ ಸಿಗುತ್ತದಂತೆ. ಮನುಷ್ಯರೂ ಸಿಗುತ್ತಾರಂತೆ, ರೆಪ್ಪೆಯ ಕೂದಲಿನ ಸಮೇತ. "ನಮ್ಮಲ್ಲಿ ಎಲ್ಲವನ್ನೂ ಕಾಪಾಡುವುದು ನೀರು" ಎಂದ ಸೈಮನ್. ಸ್ವಲ್ಪ ತಡೆದು, ಕಿಟಕಿಯ ಹೊರಗೆ ನೋಡಿ, "ಇಲ್ಲಿ, ನೀರು ಇಲ್ಲದಿರುವುದು" ಎಂದ. ಆ ತಡೆಯನ್ನು ಯಜ್ಞೇಶ್ ಮನೆಗೆ ಒಯ್ದ. ಅಮಿತಾಳಿಗೂ ಹೇಳಲಿಲ್ಲ. ಅದು ತನಗೆ ಕೊಟ್ಟದ್ದು ಎಂದುಕೊಂಡ. ಮಾರ್ಚ್‌ನಲ್ಲಿ ಟಿ.ವಿ.ಯವರು ಬಂದಾಗ ಸೈಮನ್ ಕ್ಯಾಮೆರಾದ ಮುಂದೆ ನಿಂತು ಅದೇ ಮಾತನ್ನು ಹೇಳಿದ. ಅದೇ ಬೆಣ್ಣೆ, ಅದೇ ರೆಪ್ಪೆ. "ನಮ್ಮಲ್ಲಿ ಎಲ್ಲವನ್ನೂ ಕಾಪಾಡುವುದು ನೀರು" ಎಂದು ಹೇಳಿ, ಅಷ್ಟೇ ತಡೆದು, ಸಮುದ್ರದ ಕಡೆ ನೋಡಿದ. ಗಾಳಿಯ ಸದ್ದು ಸೇರಿತೆಂದು ಎರಡನೇ ಸಲ ಹೇಳಿಸಿದರು. ಎರಡನೇ ಸಲವೂ ಅಷ್ಟೇ ತಡೆದ.

"ಪಪ್ಪಾ, ಡಿಶ್ ಸರಿ ಉಂಟಾ? ನಿನ್ನೆ ಬ್ಲೂ ಬ್ಲೂ ಬಂದಿತ್ತು" ಎಂದು ಒಳಗಿನಿಂದ ಅಕ್ಷಯಾ ಕೂಗಿದಳು. ಒಂಬತ್ತು ವರ್ಷ ಅವಳಿಗೆ. ಶಾಲೆಯಲ್ಲಿ ಎಲ್ಲರಿಗೂ ಹೇಳಿಬಂದಿದ್ದಳು, ತನ್ನ ಪಪ್ಪ ಆರ್ಕಿಯಾಲಜಿಸ್ಟ್ ಎಂದು. ಅವನು ತಿದ್ದಿರಲಿಲ್ಲ.

ಚಾಪೆ ಸಿಕ್ಕಿದ್ದು ಟಿ.ವಿ.ಯವರು ಬರುವ ಮೂರು ದಿನ ಮೊದಲು. ಚಾಪೆಯಲ್ಲ, ಅದರ ಅಚ್ಚು. ಮನೆಯೊಂದರ ಮೂಲೆಯಲ್ಲಿ ಹಸಿ ಮಣ್ಣಿನ ನೆಲದ ಮೇಲೆ ಯಾರೋ ಹಾಸಿದ್ದ ಚಾಪೆ ಸಾವಿರ ವರ್ಷದಲ್ಲಿ ಕೊಳೆತು ಗಾಳಿಯಾಗಿತ್ತು. ಅದರ ಹೆಣಿಗೆ ಮಾತ್ರ ಮಣ್ಣಿನಲ್ಲಿ ಉಳಿದು, ಉಪ್ಪು ಕಟ್ಟಿ, ಹಪ್ಪಳದಷ್ಟು ತೆಳ್ಳಗೆ ಗಟ್ಟಿಯಾಗಿತ್ತು. ಎರಡು ಗೇಣು ಉದ್ದ. ಬೋಜ ಉಸಿರು ಹಿಡಿದು ಬ್ರಷ್ಷಿನಲ್ಲಿ ಅದನ್ನು ಬಿಡಿಸಿದ. ಎಲ್ಲರೂ ಸುತ್ತ ಬಗ್ಗಿ ನಿಂತರು. ಬೋಜ ಬೆರಳನ್ನು ಮುಟ್ಟಿಸದೆ, ಒಂದು ಇಂಚು ಮೇಲೆ ಆಡಿಸುತ್ತ, "ಇಲ್ಲಿ ನೋಡಿ ಮಾಷ್ಟ್ರೇ. ಇಲ್ಲಿ ಒಂದು ಎಲೆ ಮುಗ್ದಿದೆ. ಇನ್ನೊಂದು ಎಲೆ ಸೇರಿಸಿದ್ದಾಳೆ. ನನ್ನ ಅಮ್ಮನೂ ಕೇದಗೆ ಚಾಪೆ ಹೆಣೆಯುವಾಗ ಹೀಗೇ ಒಳಗೆ ತುರುಕುದು, ಮೇಲಿಂದ ಕಾಣ್ಬಾರ್ದು ಅಂತ" ಎಂದ. ಯಜ್ಞೇಶ್ ಸೈಮನ್‌ಗೆ ಹೇಳಿದ: ಇಲ್ಲಿ ಒಂದು ಎಲೆ ಮುಗಿದಿದೆ, ಹೆಣೆದವಳು ಇನ್ನೊಂದನ್ನು ಸೇರಿಸಿದ್ದಾಳೆ. ಸೈಮನ್ ತಲೆ ಎತ್ತಿದ. ಅವನ ಕಣ್ಣು ಒದ್ದೆಯಾದ ಹಾಗಿತ್ತು. "ಇದು ನೀನು ಹೇಳಿದ್ದೋ, ಅವನು ಹೇಳಿದ್ದೋ?"

ಒಂದು ಉಸಿರಿನಷ್ಟು ಹೊತ್ತು ಯಜ್ಞೇಶ್ ಉತ್ತರ ಕೊಡಲಿಲ್ಲ. ಆಮೇಲೆ "ಅವನು" ಎಂದ. ಆದರೆ ಆ ಒಂದು ಉಸಿರನ್ನು ಸೈಮನ್ ಗಮನಿಸಿದ್ದ ಎಂದು ಅವನಿಗೆ ಈಗಲೂ ಅನ್ನಿಸುತ್ತದೆ. ಇಲ್ಲದಿದ್ದರೆ ಟಿ.ವಿ.ಯ ನಿರ್ದೇಶಕ ಮೈಕಲ್ ಬಂದು, ಕೆಲಸದವರಲ್ಲಿ ಒಬ್ಬನನ್ನು ಮಾತಾಡಿಸಬೇಕು, ಯಾರನ್ನು ಎಂದಾಗ ಸೈಮನ್ ಯೋಚಿಸದೆ ಬೋಜ ಎನ್ನುತ್ತಿರಲಿಲ್ಲ. "ಯಾಗ್ ಕ್ಯಾಮೆರಾದ ಹಿಂದೆ ನಿಂತು ಅನುವಾದ ಮಾಡುತ್ತಾನೆ. ಅವನ ದನಿಯನ್ನು ಆಮೇಲೆ ತೆಗೆದು ಬೇರೆ ದನಿ ಹಾಕಬಹುದು" ಎಂದ ಮೈಕಲ್. ಹೌದು, ಸುಲಭ, ಎಂದು ಯಜ್ಞೇಶ್ ನಕ್ಕಿದ್ದ. ಹಿಂದಿನ ರಾತ್ರಿ ಅವನು ಒಂಬತ್ತು ಇಂಗ್ಲಿಷ್ ವಾಕ್ಯಗಳನ್ನು ಬರೆದು ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಅಮಿತಾ ಅದಕ್ಕಾಗಿ ನೀಲಿ ಅಂಗಿಗೆ ಇಸ್ತ್ರಿ ಹಾಕಿ ಕೊಟ್ಟಿದ್ದಳು. ಆ ದಿನವಿಡೀ ನೀಲಿ ಅಂಗಿಯಲ್ಲಿ ಅವನು ಹಾಜರಿ ಪುಸ್ತಕ ಹಿಡಿದು ಓಡಾಡಿದ.

ಅಸೂಯೆ ಎಂದರೆ ಹೊಟ್ಟೆಯಲ್ಲಿ ಉರಿ ಎನ್ನುತ್ತಾರೆ. ಅವನಿಗೆ ಹಾಗೆ ಆಗಲಿಲ್ಲ. ಅವನಿಗೆ ಕಣ್ಣು ಹೆಚ್ಚು ಚುರುಕಾಯಿತು. ಬೋಜ ನೀರು ಕುಡಿಯುವಾಗ ಬಾಟಲಿಯನ್ನು ತುಟಿಗೆ ತಾಗಿಸದಿರುವುದು, ನಗುವಾಗ ಹಲ್ಲಿಲ್ಲದ ಜಾಗಕ್ಕೆ ನಾಲಗೆ ಹಾಕುವುದು, ಮೈಕಲ್‌ನ ಜೊತೆ ಒಂದೇ ಒಂದು ಭಾಷೆಯಿಲ್ಲದೆ ಹತ್ತು ನಿಮಿಷ ಮಾತಾಡಿ ಇಬ್ಬರೂ ನಗುವುದು. ತನಗೆ ಮೂರು ನಾಲ್ಕು ಭಾಷೆ ಬರುತ್ತದೆ. ಯಾರೂ ತನ್ನ ಜೊತೆ ಹಾಗೆ ನಕ್ಕಿದ್ದು ನೆನಪಿಲ್ಲ. ಸೈಮನ್ ಬೋಜನ ಹೆಗಲ ಮೇಲೆ ಕೈ ಹಾಕಿದಾಗ ಯಜ್ಞೇಶ್ ಆ ಕೈಯನ್ನು ನೋಡಿದ. ನಾಲ್ಕು ಬೆರಳು ಮುಂದೆ, ಹೆಬ್ಬೆರಳು ಹಿಂದೆ. ಬೆವರಿಗೆ ಅಂಗಿ ಅಂಟಿಕೊಂಡಿತ್ತು. ಸೈಮನ್‌ಗೆ ಅದೇನೂ ತೊಂದರೆಯಾಗಲಿಲ್ಲ.

ಟಿ.ವಿ.ಯವರು ಬಂದ ಆ ಬುಧವಾರ ಸಂಜೆ ನಾಲ್ಕಕ್ಕೆ ಸೈಮನ್ ಅವನನ್ನು ಕರೆದು ಹೇಳಿದ್ದು ಒಂದೇ ಮಾತು. ಅದಕ್ಕೆ ಕಾರಣವಿತ್ತು. ದಿಬ್ಬದ ಮಣ್ಣೆಲ್ಲ ಬಿಸಿಲಿಗೆ ಒಂದೇ ಬೂದುಬಣ್ಣಕ್ಕೆ ತಿರುಗಿ ಏನೂ ಕಾಣುವುದಿಲ್ಲ. ತುಂತುರು ನೀರು ಬಿಟ್ಟರೆ ಗೋಡೆ, ಬೂದಿ, ನೆಲ, ಎಲ್ಲ ಬೇರೆ ಬೇರೆ ಬಣ್ಣವಾಗಿ ಎದ್ದು ಬರುತ್ತವೆ. ಆದ್ದರಿಂದ ಯಾವ ಫೋಟೋ ತೆಗೆಯುವ ಮೊದಲೂ ನೀರು ಬಿಡಬೇಕು. ಊರಲ್ಲಿ ಗಿಡಗಳಿಗೆ ಮದ್ದು ಬಿಡುವಂಥ ಒಂದು ಪಂಪನ್ನು ಬೆನ್ನಿಗೆ ಹಾಕಿಕೊಂಡು ಆ ಕೆಲಸ ಮಾಡುತ್ತಿದ್ದವನು ಬೋಜ. ಎರಡು ವರ್ಷದಲ್ಲಿ ಸೈಮನ್ ಕ್ಯಾಮೆರಾ ಹೊರಗೆ ತೆಗೆದರೆ ಸಾಕು, ಬೋಜ ಪಂಪಿಗೆ ಕೈ ಹಾಕುತ್ತಿದ್ದ, ಹೇಳುವುದೇ ಬೇಕಿರಲಿಲ್ಲ. "ಈ ಸಲ ಬೇಡ ಎಂದು ಹೇಳು" ಎಂದ ಸೈಮನ್. "ಚಾಪೆಯ ಮೇಲೆ ಒಂದು ಹನಿ ನೀರೂ ಬೀಳಬಾರದು. ಅದನ್ನು ಹಿಡಿದಿಟ್ಟಿರುವುದು ಉಪ್ಪು. ನಾಳೆ ಬೆಳಿಗ್ಗೆ ಓರೆ ಬೆಳಕಿನಲ್ಲಿ ಸರಿಯಾದ ಫೋಟೋ ತೆಗೆದು, ಅಚ್ಚು ಎತ್ತುವವರೆಗೆ ಹಾಗೇ ಇರಬೇಕು. ಬೋಜನಿಗೆ ಹೇಳು." ಹೇಳುತ್ತೇನೆ ಎಂದ ಯಜ್ಞೇಶ್.

ಹೇಳಲೆಂದೇ ಹೋದ. ಬೋಜ ಟೆಂಟಿನ ನೆರಳಲ್ಲಿ ನಿಂತಿದ್ದ. ಮೈಕಲ್ ಅವನ ಅಂಗಿಯ ಕೊರಳಿಗೆ ಗುಂಡಿಯಷ್ಟು ಸಣ್ಣ ಮೈಕು ಸಿಕ್ಕಿಸಿ ಪರೀಕ್ಷಿಸುತ್ತಿದ್ದ. ಅಂಗಿ ಹೊಸದು, ಮಡಿಕೆಯ ಗೆರೆ ಇನ್ನೂ ಇತ್ತು. "ಮಾಷ್ಟ್ರೇ, ನನ್ನ ತಲೆ ಸರಿ ಉಂಟಾ?" ಎಂದು ಬೋಜ ನಾಚಿ ಕೇಳಿದ. "ನಾಳೆ ಟಿ.ವಿ.ಲಿ ಬರುದಲ್ವಾ. ಮನೆಯಲ್ಲಿ ಹೆಂಡತಿ ಉಮಾವತಿ ನೋಡಿದ್ರೆ ಹೇಳ್ತಾಳೆ, ಅಲ್ಲಿ ಹೋಗಿಯೂ ಕಾಗೆ ಗೂಡೇ ಅಂತ. ಬಾಚಣಿಗೆ ಉಂಟಾ ನಿಮ್ಮತ್ರ?" ಯಜ್ಞೇಶ್ ಹಿಂದಿನ ಜೇಬಿನಿಂದ ಬಾಚಣಿಗೆ ತೆಗೆದು ಕೊಟ್ಟ. ಬೋಜ ಪಿಕಪ್ಪಿನ ಕನ್ನಡಿಗೆ ಬಗ್ಗಿ ಬಾಚಿದ, ಎಡಕ್ಕೊಮ್ಮೆ ಬಲಕ್ಕೊಮ್ಮೆ. ವಾಕ್ಯ ಯಜ್ಞೇಶನ ಬಾಯಲ್ಲಿತ್ತು. ಅದರ ತುಳು ರೂಪವೂ ಸಿದ್ಧವಾಗಿತ್ತು. ಅದನ್ನು ಹಿಡಿದುಕೊಂಡು ನಿಂತಿರುವುದರಲ್ಲಿ ಒಂದು ವಿಚಿತ್ರ ಸುಖವಿತ್ತು. ಬೋಜನಿಗೆ ಬೇಕಾದದ್ದು, ಬೋಜನಿಗೆ ಗೊತ್ತಿಲ್ಲದ್ದು, ಎರಡು ವರ್ಷದಲ್ಲಿ ಮೊದಲ ಸಲ ತನ್ನ ಬಳಿ ಒಂದಿತ್ತು. ನಾಳೆ ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡನೇ? ಹಾಗೆಂದುಕೊಂಡಿದ್ದಿರಬೇಕು. ಬಾಚಣಿಗೆ ವಾಪಸು ಬಂತು.

ಬೆಲ್ ಹೊಡೆಯಿತು. ಮಹಮೂದ್ ಮೊದಲು ಒಳಗೆ ಬಂದ. ಬಂಟ್ವಾಳದ ಕಡೆಯವನು, ಕಂಪೆನಿಯ ವ್ಯಾನು ಬಿಡುವವನು, ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದವನು. "ಎಂತ ಹೀರೋ? ಆಟೋಗ್ರಾಫ್ ಈಗಲೇ ಕೊಡ್ತೀರಾ, ಇಲ್ಲ ಪಿಕ್ಚರ್ ಖಲಾಸ್ ಆದ ಮೇಲೆಯಾ?" ಎಂದು ದೊಡ್ಡದಾಗಿ ನಕ್ಕ. ಅವನ ಹಿಂದೆ ಬೋಜ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸೇಬು ಹಿಡಿದುಕೊಂಡು ನಿಂತಿದ್ದ. ಮೈಕು ಸಿಕ್ಕಿಸಿದ್ದ ಅದೇ ಅಂಗಿ. ಕಂಕುಳಲ್ಲಿ ಬಣ್ಣ ಹೋಗಿತ್ತು. ಈಗ ಅವನನ್ನು ಕಂಪೆನಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಪೈಪು ಹಾಕುವ ಕೆಲಸಕ್ಕೆ ಬಿಟ್ಟಿದೆ ಎಂದು ಯಜ್ಞೇಶನಿಗೆ ಗೊತ್ತಿತ್ತು, ಹಾಜರಿ ಪುಸ್ತಕದಿಂದ ಅವನ ಹೆಸರನ್ನು ಹೊಡೆದುಹಾಕಿದವನು ತಾನೇ ಆದ್ದರಿಂದ.

"ಒಳಗೆ ಬನ್ನಿ ಬೋಜಣ್ಣ, ಸೋಫಾದಲ್ಲೇ ಕೂತ್ಕೊಳ್ಳಿ" ಎಂದಳು ಅಮಿತಾ. "ಹೇಗುಂಟು ಹೊಸ ಕೆಲಸ?"

"ಎಂತ ಅಕ್ಕ, ಅದೂ ಗುಂಡಿ, ಇದೂ ಗುಂಡಿ." ಬೋಜ ಸೋಫಾದ ಅಂಚಿನಲ್ಲಿ ಕುಳಿತ. "ಅಲ್ಲಿ ಬ್ರಷ್ಷಿನಲ್ಲಿ, ಇಲ್ಲಿ ಹಾರೆಯಲ್ಲಿ. ಅಲ್ಲಿ ಒಂದು ಚೂರು ಮಡಕೆ ಸಿಕ್ಕಿದ್ರೆ ಹತ್ತು ಜನ ಓಡಿ ಬರ್ತಿದ್ರು. ಇಲ್ಲಿ ಎಂತ ಸಿಕ್ಕಿದ್ರೂ ಫೋರ್‌ಮನ್ ಹೇಳುದು ಒಂದೇ, ಯಲ್ಲಾ ಯಲ್ಲಾ, ಬೇಗ ಬೇಗ."

ಎಲ್ಲರೂ ನಕ್ಕರು. ಯಜ್ಞೇಶ್ ರಿಮೋಟ್ ಹುಡುಕಿದ, ಅದು ಕೈಯಲ್ಲೇ ಇತ್ತು. ಬೋಜ ಅವನನ್ನು ನೋಡಿ, ಎಂದಿನ ಹಾಗೆ, ಸ್ವಲ್ಪ ತಲೆ ಬಾಗಿಸಿ ನಕ್ಕ. ಅದರಲ್ಲಿ ಏನೂ ಇರಲಿಲ್ಲ. ಏನೂ ಇರಲು ಸಾಧ್ಯವಿರಲಿಲ್ಲ. ಹೇಳಬೇಕಾದ ಮಾತೊಂದಿತ್ತು ಎಂಬುದೇ ಬೋಜನಿಗೆ ಗೊತ್ತಿರಲಿಲ್ಲವಲ್ಲ. ಅವನಿಗೆ ಗೊತ್ತಿದ್ದದ್ದು ತಾನು ನೀರು ಬಿಟ್ಟೆ, ಅಚ್ಚು ಕರಗಿತು ಎಂಬುದಷ್ಟೇ.

ಆ ಗುರುವಾರ ಬೆಳಿಗ್ಗೆ ಬೋಜ ಮಹಮೂದನ ಮೊದಲ ವ್ಯಾನಿನಲ್ಲಿ, ಎಲ್ಲರಿಗಿಂತ ಮುಂಚೆ ಹೋಗಿದ್ದ. ನೆಂಟರು ಬರುವ ದಿನ ಅಂಗಳ ಗುಡಿಸಿ ನೀರು ಚಿಮುಕಿಸಿದ ಹಾಗೆ ಗುಂಡಿಯ ಸುತ್ತ ಗುಡಿಸಿ, ಹಗ್ಗಗಳನ್ನು ಬಿಗಿದು ಕಟ್ಟಿ, ಬಕೆಟುಗಳನ್ನು ಸಾಲಾಗಿಟ್ಟಿದ್ದ. ಯಜ್ಞೇಶನ ಎರಡನೇ ವ್ಯಾನು ಬಂದು ನಿಂತಾಗ ಸೂರ್ಯ ಸಮುದ್ರದಿಂದ ಒಂದು ಮೊಳ ಮೇಲೆ ಬಂದಿದ್ದ. ಅವನು ವ್ಯಾನಿನ ಮೆಟ್ಟಿಲ ಮೇಲೆ ಕುಳಿತು ಹಾಜರಿ ತೆರೆದ. ಐವತ್ತು ಹೆಜ್ಜೆ ದೂರದಲ್ಲಿ ಬೋಜ ಚಾಪೆಯ ಮೇಲಿನ ತಾಡಪಾಲನ್ನು ಎರಡೂ ಕೈಯಲ್ಲಿ ಮಗುವಿನ ಹೊದಿಕೆ ತೆಗೆಯುವ ಹಾಗೆ ಎತ್ತಿದ. ಪಂಪು ಬೆನ್ನಿಗೆ ಹಾಕಿಕೊಂಡ. ಪಂಪಿನ ಹಿಡಿಯನ್ನು ನಾಲ್ಕು ಸಲ ಒತ್ತಿದ. ಯಜ್ಞೇಶ್ ಹಾಜರಿಯಲ್ಲಿ ಆರನೇ ಹೆಸರಿನ ಮುಂದೆ ಗೆರೆ ಎಳೆಯುತ್ತಿದ್ದ. ಕೂಗಿದರೆ ಕೇಳುತ್ತಿತ್ತು, ಗಾಳಿ ಇರಲಿಲ್ಲ. ತುಂತುರು ಬೆಳಕಿನಲ್ಲಿ ಒಂದು ಸಲ ಬಣ್ಣಬಣ್ಣವಾಗಿ ಹೊಳೆಯಿತು, ಚೆಂದವಿದೆ ಎಂದು ಅವನಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದು ಚೆನ್ನಾಗಿ ನೆನಪಿದೆ. ಏಳನೇ ಹೆಸರು. ಎಂಟನೇ ಹೆಸರು. ಹದಿನಾಲ್ಕೂ ಮುಗಿದ ಮೇಲೆ ಅವನು ಪುಸ್ತಕ ಮುಚ್ಚಿ ಎದ್ದ.

ಸೈಮನ್ ಕಿರುಚಲಿಲ್ಲ. ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕುಳಿತ. ಅಲ್ಲಿ ನುಣುಪಾದ, ಕಂದು ಬಣ್ಣದ ಕೆಸರಿತ್ತು, ಎರಡು ಗೇಣು. ತಿರುಗದೆಯೇ, "ನೀನು ಅವನಿಗೆ ಹೇಳಿದ್ದೆಯಲ್ಲ, ಯಾಗ್?" ಎಂದು ಇಂಗ್ಲಿಷಿನಲ್ಲಿ ಕೇಳಿದ. ಬೋಜ ಪಂಪು ಇಳಿಸದೆ ನಿಂತಿದ್ದ, ಅದರ ಕೊಳವೆಯಿಂದ ಹನಿ ಬೀಳುತ್ತಿತ್ತು. "ಹೇಳಿದ್ದೆ" ಎಂದ ಯಜ್ಞೇಶ್. ಇಂಗ್ಲಿಷಿನಲ್ಲಿ ಅದು ಎಷ್ಟು ಸಣ್ಣ ಮಾತು. "ಎಂತ ಕೇಳ್ತಿದ್ದಾರೆ ಮಾಷ್ಟ್ರೇ?" ಎಂದ ಬೋಜ. "ನೀರು ಬಿಟ್ಟದ್ದು ನೀನಾ ಅಂತ ಕೇಳ್ತಿದ್ದಾರೆ." ಬೋಜನ ಮುಖ ಇಳಿಯಿತು. "ಹೌದು ಹೇಳಿ. ಫೋಟೋ ಉಂಟಲ್ಲ ಅಂತ ಬಿಟ್ಟದ್ದು. ಈ ಮಣ್ಣು ಬೇರೆ ಅಂತ ನನ್ನ ಕೈಗೆ ಗೊತ್ತಾಗ್ಬೇಕಿತ್ತು. ತಪ್ಪು ನನ್ನದೇ ಅಂತ ಹೇಳಿ ಮಾಷ್ಟ್ರೇ, ಸರಿಯಾಗಿ ಹೇಳಿ." ಆ ಮಾತನ್ನು ಯಜ್ಞೇಶ್ ಒಂದಕ್ಷರ ಬಿಡದೆ ಅನುವಾದಿಸಿದ. ಎರಡು ವರ್ಷದಲ್ಲಿ ಅಷ್ಟು ಚೆನ್ನಾಗಿ ಅವನು ಯಾವ ಮಾತನ್ನೂ ಅನುವಾದಿಸಿರಲಿಲ್ಲ.

ಮೂರು ಗಂಟೆಗೆ ಶುರುವಾಯಿತು. ದಿಬ್ಬವನ್ನು ಆಕಾಶದಿಂದ ತೋರಿಸಿದರು. ತಂತಿವಾದ್ಯದ ಸಂಗೀತ. ಸೈಮನ್ ನಡೆದು ಬಂದ, ಬೆಣ್ಣೆಯ ಕತೆ ಹೇಳಿದ, ತಡೆದ, ಸಮುದ್ರ ನೋಡಿದ. ಅಕ್ಷಯಾ ಬೋಜನ ಕಾಲ ಬಳಿ ನೆಲದ ಮೇಲೆ ಕುಳಿತು, ಇಂಗ್ಲಿಷ್ ಬಾರದ ಅವನಿಗೆ ತನ್ನ ಮುರುಕು ಕನ್ನಡದಲ್ಲಿ ಹೇಳುತ್ತಿದ್ದಳು. "ಅಂಕಲ್, ಅಲ್ಲಿ ಬಟರ್ ಮಣ್ಣಲ್ಲಿ ಹಾಕ್ತಾರೆ, ಆಮೇಲೆ ಟೂ ತೌಸಂಡ್ ಇಯರ್ಸ್ ಆದ್ರೂ ಬಟರ್ ಇರ್ತದೆ." "ತಿನ್ಲಿಕ್ಕೆ ಆಗ್ತದಾ ಕೇಳು" ಎಂದ ಮಹಮೂದ್. ಆಮೇಲೆ ಪರದೆಯ ತುಂಬ ಎರಡು ಕೈ ಬಂದವು. ಬ್ರಷ್ ಹಿಡಿದ ಕಪ್ಪು ಬೆರಳುಗಳು, ಉಗುರಿನ ಬುಡದಲ್ಲಿ ಮಣ್ಣು, ಎಡ ಹೆಬ್ಬೆರಳಿನ ಮೇಲೆ ಉದ್ದ ಗಾಯದ ಕಲೆ. ಮುಖ ತೋರಿಸಲಿಲ್ಲ. ಬೋಜ ತನ್ನ ಎಡಗೈಯನ್ನು ಎತ್ತಿ ನೋಡಿಕೊಂಡ. "ನನ್ನದು!" ಎಂದ, ಚಿಕ್ಕ ಹುಡುಗನ ಹಾಗೆ. ಆ ಕೈಗಳು ಪರದೆಯಲ್ಲಿ ಎಷ್ಟು ಹೊತ್ತು ಇದ್ದವು ಎಂದು ಯಜ್ಞೇಶ್ ಗೋಡೆಯ ಗಡಿಯಾರದಲ್ಲಿ ನೋಡಿದ. ಹತ್ತೊಂಬತ್ತು ಸೆಕೆಂಡು.

ಆಮೇಲೆ ಪರದೆಯ ಮೇಲೆ ಯಜ್ಞೇಶ್ ಬಂದ. ಎರಡನೇ ದಿನವೂ ಹಾಕಿಕೊಂಡಿದ್ದ ಅದೇ ನೀಲಿ ಅಂಗಿ. ಅಚ್ಚು ಕರಗಿ, ಬೋಜನನ್ನು ಕ್ಯಾಂಪಿಗೆ ವಾಪಸು ಕಳಿಸಿದ ಮಧ್ಯಾಹ್ನ ಮೈಕಲ್ ಬೇಸರದಿಂದ, ಬೇರೆ ಗತಿಯಿಲ್ಲದೆ, ನೀನೇ ಏನಾದರೂ ಹೇಳು ಎಂದಿದ್ದ. ಬರೆದುಕೊಂಡಿದ್ದ ಒಂಬತ್ತು ವಾಕ್ಯಗಳಲ್ಲಿ ಒಂದೂ ನೆನಪಾಗದೆ, ಬಾಯಿಗೆ ಬಂದದ್ದನ್ನು ಯಜ್ಞೇಶ್ ಹೇಳಿದ್ದ. ಪರದೆಯ ಮೇಲಿನ ಮನುಷ್ಯನ ಮುಖ ಊದಿಕೊಂಡಿತ್ತು, ದನಿ ಮೂಗಿನಿಂದ ಬರುತ್ತಿತ್ತು. ಅವನ ಇಂಗ್ಲಿಷಿನ ಕೆಳಗೆ ಬಿಳಿ ಅಕ್ಷರಗಳಲ್ಲಿ ಅದೇ ಇಂಗ್ಲಿಷನ್ನು ಬರೆದಿದ್ದರು.

"ಪಪ್ಪಾ, ನೀವು ಇಂಗ್ಲಿಷ್ ಅಲ್ವಾ ಮಾತಾಡುದು? ಮತ್ತೆ ಯಾಕೆ ಕೆಳಗೆ ಇಂಗ್ಲಿಷ್ ಹಾಕಿದ್ದಾರೆ?"

"ಕಿವಿ ಕೇಳದವರಿಗೆ ಮಗಾ" ಎಂದ ಮಹಮೂದ್. ಅಮಿತಾ ಮಾತ್ರ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದಳು, ಅವಳ ಕಣ್ಣು ಹೊಳೆಯುತ್ತಿತ್ತು.

"ಅಂಕಲ್, ಪಪ್ಪ ಹೇಳ್ತಾರೆ, ಇಲ್ಲಿ ಒಂದು ಲೀಫ್ ಮುಗ್ದಿದೆ. ಮತ್ತೆ ಅವಳು ಇನ್ನೊಂದು ಲೀಫ್ ಸೇರ್ಸಿದ್ದಾಳೆ. ನಮ್ಮ ಊರಲ್ಲಿ ಅಜ್ಜಿ ಸಹ ಹಾಗೇ ಮಾಡುದಂತೆ." ಅವಳು ತಿರುಗಿದಳು. "ಯಾವ ಅಜ್ಜಿ ಪಪ್ಪಾ? ನಮ್ಮ ಅಜ್ಜಿ ಮ್ಯಾಟ್ ಮಾಡ್ತಾರಾ?"

ಯಜ್ಞೇಶನ ಅಮ್ಮ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳೆಂದು ಅಮಿತಾಳಿಗೆ ಗೊತ್ತಿತ್ತು, ಅವಳು ಗಂಡನನ್ನು ನೋಡಿದಳು. ಬೋಜ ಟಿ.ವಿ.ಯಿಂದ ಕಣ್ಣು ತೆಗೆಯದೆ, "ಹೌದು ಮಗಾ, ಸರಿಯಾಗಿ ಹೇಳಿದ್ದಾರೆ. ಮೊದಲಿನ ಅಜ್ಜಿಯಂದಿರೆಲ್ಲ ಮಾಡ್ತಿದ್ರು" ಎಂದ.

ಆಗ ಸೈಮನ್ ಮತ್ತೆ ಬಂದ. ಅವನ ಹಿಂದೆ ಕಂದು ಕೆಸರು. ಅವನು ಯಾರ ಹೆಸರನ್ನೂ ಹೇಳಲಿಲ್ಲ, ದೂರಲೂ ಇಲ್ಲ. ದನಿ ದಣಿದಿತ್ತು. ಅಕ್ಷಯಾ ಕಿವಿಗೊಟ್ಟು ಕೇಳಿ, ಕೆಲಸಕ್ಕೆ ನೇಮಿಸಿದವಳ ಹಾಗೆ ಗಂಭೀರವಾಗಿ ಹೇಳಿದಳು. "ಅಂಕಲ್, ಅವ್ರು ಹೇಳ್ತಾರೆ, ನೀರು ಹಾಕ್ಬಾರ್ದು ಅಂತ ಮೊದಲೇ ಹೇಳಿದ್ರಂತೆ. ಹಿಂದಿನ ದಿನವೇ ವರ್ಕರ್‌ಗೆ ಹೇಳಿದ್ರಂತೆ. ಆದ್ರೂ ಹಾಕಿದ್ರು. ಯಾರು ಅಂಕಲ್? ಯಾರಿಗೆ ಹೇಳಿದ್ದು?"

ಬೋಜ ಮೊದಲು ಹುಡುಗಿಯನ್ನು ನೋಡಿದ. ಆಮೇಲೆ ತನ್ನ ಕೈಯನ್ನು ನೋಡಿಕೊಂಡ, ಆ ಎಡಗೈ ಇನ್ನೂ ತೊಡೆಯ ಮೇಲೆ ಮಲಗಿತ್ತು. ಆಮೇಲೆ ಯಜ್ಞೇಶನ ಕಡೆ ತಿರುಗಿದ. ಮಣ್ಣಿನ ಬಣ್ಣ ಎಲ್ಲಿ ಬದಲಾಗುತ್ತದೆಂದು ಹುಡುಕುವಾಗ ಅವನು ನೋಡುತ್ತಿದ್ದದ್ದು ಹಾಗೆಯೇ, ಆತುರವಿಲ್ಲದೆ, ಕಣ್ಣು ಸ್ವಲ್ಪ ಕಿರಿದು ಮಾಡಿ. ಗೆರೆ ಸಿಕ್ಕಿತು ಎಂದು ಯಜ್ಞೇಶನಿಗೆ ಗೊತ್ತಾಯಿತು. ಮಹಮೂದನೂ ನೋಡುತ್ತಿದ್ದ, ಅಮಿತಾಳೂ.

"ನನಗೇ ಮಗಾ" ಎಂದ ಬೋಜ. "ಮಾಷ್ಟ್ರು ಹೇಳಿದ್ರು ನನಗೆ. ಬಾಚಣಿಗೆ ಕೊಡುವಾಗಲೇ ಹೇಳಿದ್ರು. ನನಗೇ ಮರ್ತು ಹೋದದ್ದು. ಟಿ.ವಿ.ಯ ಖುಷಿ ನೋಡು, ತಲೆಯಲ್ಲಿ ಎಂತ ನಿಲ್ತದೆ!"

ಅವನು ನಕ್ಕ. ಮಹಮೂದನೂ ನಕ್ಕು, "ನಿನ್ನ ತಲೆಯಲ್ಲಿ ಮೊದಲೂ ಎಂತ ನಿಲ್ತಿತ್ತು ಮಾರಾಯ" ಎಂದ. ಅಮಿತಾ ಚಹಾ ತರಲು ಎದ್ದಳು. ಯಜ್ಞೇಶ್ ಪರದೆಯನ್ನೇ ನೋಡುತ್ತಿದ್ದ, ಅಲ್ಲಿ ಹೆಸರುಗಳು ಮೇಲಕ್ಕೆ ಹೋಗುತ್ತಿದ್ದವು. ಅವನಿಗೆ ಆ ಕ್ಷಣದಲ್ಲಿ ಕೃತಜ್ಞತೆಯಾಗಲಿ ನಾಚಿಕೆಯಾಗಲಿ ಬರಲಿಲ್ಲ. ಒಂದು ಸುಳ್ಳನ್ನು ಬೋಜ ಎಷ್ಟು ಸಲೀಸಾಗಿ, ಯಾರಿಗೂ ನೋವಾಗದ ಹಾಗೆ, ಇನ್ನೊಬ್ಬನ ಮೇಲೆ ಹೊದಿಸಿಬಿಟ್ಟ. ತಾನು ಒಂದು ಸುಳ್ಳನ್ನು ಎಂಟು ತಿಂಗಳು ಹೊತ್ತುಕೊಂಡು ತಿರುಗಿದರೂ ಅದು ಒಂದು ದಿನವೂ ಮೈಗೆ ಒಗ್ಗಲಿಲ್ಲ. ಇದೂ ಅವನಿಗೇ ಬರಬೇಕೇ, ಎಂದು ಅನ್ನಿಸಿತು. ಆ ಅನ್ನಿಸಿಕೆಯನ್ನು ಕಂಡು ಅವನು ಬೆಚ್ಚಿದ.

ಐದು ಗಂಟೆಗೆ ಅವರು ಹೊರಟರು. ಮಹಮೂದ್ ವ್ಯಾನು ತಿರುಗಿಸಿ ತರುತ್ತೇನೆಂದು ಮೆಟ್ಟಿಲಿಳಿದು ಹೋದ. ಬೋಜನಿಗೆ ಮಂಡಿ ನೋವು, ಲಿಫ್ಟಿಗೆ ಕಾದು ನಿಂತ. ಯಜ್ಞೇಶ್ ಅವನ ಜೊತೆ ನಿಂತ. ಕಾರಿಡಾರಿನಲ್ಲಿ ಯಾರದೋ ಮನೆಯ ಮೀನು ಹುರಿಯುವ ವಾಸನೆ. "ನೀವು ಟಿ.ವಿ.ಲಿ ಚೆಂದ ಕಾಣ್ತೀರಿ ಮಾಷ್ಟ್ರೇ" ಎಂದ ಬೋಜ. ಲಿಫ್ಟ್ ಬಂತು. ಬೋಜ ಒಳಗೆ ಹೋಗಿ, ಮುಚ್ಚಿಕೊಳ್ಳುವ ಬಾಗಿಲಿಗೆ ಎಡಗೈ ಅಡ್ಡ ಹಿಡಿದ. ಕೈ ಹಾಗೇ ಹಿಡಿದುಕೊಂಡು, ಹೊರಗಿನ ಮುಖವನ್ನು ನೋಡುತ್ತ, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಿಂತ. ಬಾಗಿಲು ಒಮ್ಮೆ ಮುಚ್ಚಲು ಬಂದು ಅವನ ಕೈಗೆ ತಾಗಿ ಹಿಂದಕ್ಕೆ ಸರಿಯಿತು. ಇನ್ನೊಮ್ಮೆ ಬಂದು ಸರಿಯಿತು.

"ಜಾಗ್ರತೆ ಹೋಗಿ ಬೋಜಣ್ಣ" ಎಂದ ಯಜ್ಞೇಶ್. ಅವನನ್ನು ಹಾಗೆ ಕರೆದದ್ದು ಅದೇ ಮೊದಲು.

ಬೋಜ ಕೈ ತೆಗೆದ.

ಚಾಪೆಯ ಮೇಲೆ ನೀರು ಬಿಡಬೇಡ ಎಂದು ಯಜ್ಞೇಶ್ ಬೋಜನಿಗೆ ಹೇಳಿರಲಿಲ್ಲ. ಹೇಳಿರಲಿಲ್ಲ ಎಂಬುದನ್ನು ಆಮೇಲೆಯೂ ಅವನು ಯಾರಿಗೂ ಹೇಳಲಿಲ್ಲ.